ಯಾರ ಕೈಬರಹ ನೋಡಿ ಕಲಿತದ್ದು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆದ ಸಮಿತಿಯವರು ‘ಎಐ ಬಗ್ಗೆ ಮಾತಾಡಪ್ಪ, ಮಕ್ಕಳಿಗೆ ಪ್ರಯೋಜನ ಆಗಬೇಕು, ಹಿರಿಯರಿಗೂ ತಿಳೀಬೇಕು’ ಅಂದರು. ಎಐ ಅನ್ನುವುದು ಸಂತೆಮಾಳದಷ್ಟು ದೊಡ್ಡ ಮಾತು. ಅದರಲ್ಲಿ ಒಂದೇ ಒಂದು ಅಂಗಡಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅದರ ಹೆಸರು ಮಷೀನ್ ಲರ್ನಿಂಗ್. ಕನ್ನಡದಲ್ಲಿ ಯಂತ್ರಕಲಿಕೆ ಅನ್ನುತ್ತಾರೆ. ಕೈಯಲ್ಲಿ ಬರೆದ ಕನ್ನಡ ಅಂಕಿಗಳನ್ನು ಓದಲು ಒಂದು ಕಂಪ್ಯೂಟರ್ ಹೇಗೆ ಕಲಿಯುತ್ತದೆ, ಹತ್ತನೇ ಕ್ಲಾಸಿನ ಹುಡುಗ ಅಥವಾ ಹುಡುಗಿ ಅದನ್ನು ತಾವೇ ಹೇಗೆ ಕಲಿಯಬಹುದು, ಅದು ನಮ್ಮೂರಿಗೆ ಯಾಕೆ ಬೇಕು, ಇವಿಷ್ಟೇ ನನ್ನ ಮಾತು.

ನಾನು ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 2006ರಲ್ಲಿ. ಆಮೇಲೆ ಪಿಯುಸಿ, ಬಿಇ, ಬೆಂಗಳೂರಿನ ಕೆಲಸ, ಎಲ್ಲರಂತೆ. ಹಲವು ವರ್ಷ ನಾನು ಬರೆದದ್ದು ಬ್ಯಾಂಕಿನ ಸಾಲ, ಬಡ್ಡಿ, ಕಂತುಗಳ ಪ್ರೋಗ್ರಾಂ. ಆ ಕೆಲಸದಲ್ಲಿ ನಿಯಮ ಮೊದಲೇ ಗೊತ್ತಿರುತ್ತದೆ. ಇಷ್ಟು ಅಸಲು, ಇಷ್ಟು ಬಡ್ಡಿ, ಇಷ್ಟು ತಿಂಗಳು ಅಂತ ನಾವು ಬರೆದುಕೊಟ್ಟರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ನಾನೂ ಒಬ್ಬ. ನೆಟ್‌ವರ್ಕ್ ಸಿಗುತ್ತಿದ್ದುದು ತೆಂಗಿನ ತೋಟದ ಬದುವಿನ ಮೇಲೆ. ಹಗಲು ಆಫೀಸು, ಸಂಜೆ ಹೊಸ ಪಾಠ. ಯಂತ್ರಕಲಿಕೆಗೆ ನಾನು ಆಗಲೇ ಮೊದಲ ಸಲ ಕೈಹಾಕಿದ್ದು. ಅಂದರೆ ನಾನು ಈ ವಿಷಯದ ಪಂಡಿತನಲ್ಲ, ನಿಮಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು ಕರೆಯುತ್ತಿರುವವನು.

ಇದು ಬಡ್ಡಿ ಲೆಕ್ಕಕ್ಕಿಂತ ಹೇಗೆ ಬೇರೆ? ಆಲೆಮನೆಯಲ್ಲಿ ಪಾಕ ನೋಡುವವರನ್ನು ನೆನಪು ಮಾಡಿಕೊಳ್ಳಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಯಾವಾಗ ಇಳಿಸಬೇಕು ಅಂತ ಕೇಳಿದರೆ ‘ಇಷ್ಟು ಡಿಗ್ರಿ, ಇಷ್ಟು ನಿಮಿಷ’ ಅಂತ ಅವರು ಹೇಳುವುದಿಲ್ಲ. ನೊರೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಚೂರು ಪಾಕ ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ‘ಇನ್ನೊಂದು ಗಳಿಗೆ’ ಅನ್ನುತ್ತಾರೆ. ಈ ಹದ ಅವರಿಗೆ ಬಂದದ್ದು ಪುಸ್ತಕದಿಂದಲ್ಲ. ಸಾವಿರಾರು ಅಡಿಗೆ ನೋಡಿ, ಕೆಲವು ಸೀದು, ಕೆಲವು ಅಚ್ಚಿನಲ್ಲಿ ಕೂರದೆ, ಪ್ರತಿ ಸಲವೂ ಚೂರು ಚೂರು ತಿದ್ದಿಕೊಂಡು ಬಂದದ್ದು. ಕೈಬರಹದ ೩ ಹೇಗಿರುತ್ತದೆ ಅಂತ ನನಗೆ ನಿಯಮ ಬರೆಯಲು ಬಂದರೆ ಬಡ್ಡಿಯ ಹಾಗೆ ಪ್ರೋಗ್ರಾಂ ಬರೆದುಬಿಡಬಹುದಿತ್ತು. ಬರುವುದಿಲ್ಲ. ಒಬ್ಬರ ೩ ದುಂಡಗೆ, ಇನ್ನೊಬ್ಬರದು ಚಪ್ಪಟೆ, ಮತ್ತೊಬ್ಬರದು ೭ರ ಹಾಗೆ. ಆದ್ದರಿಂದ ನಿಯಮ ಹೇಳುವ ಬದಲು ಉದಾಹರಣೆ ತೋರಿಸುತ್ತೇವೆ. ಪಾಕದವರು ಕಲಿತ ಹಾಗೆ ಅದು ತಪ್ಪು ಮಾಡಿ ತಿದ್ದಿಕೊಳ್ಳಬೇಕು.

ಈಗ ಮಕ್ಕಳಿಗೆ. ಇಂಗ್ಲಿಷ್ ವಿಡಿಯೊಗಳನ್ನು ನೋಡಿದಾಗ ನನಗೂ ಪದಗಳೇ ಅಡ್ಡ ಬಂದವು. ಆಗ ಪಕ್ಕದ ಮನೆಯ ಹುಡುಗಿಯಿಂದ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಕೇಳಿ ತಂದೆ. ರೇಖಾತ್ಮಕ ಸಮೀಕರಣ, ನಿರ್ದೇಶಾಂಕ ರೇಖಾಗಣಿತ, ಸಂಖ್ಯಾಶಾಸ್ತ್ರ, ಸಂಭವನೀಯತೆ: ಈ ನಾಲ್ಕು ಪಾಠ ಇಟ್ಟುಕೊಂಡರೆ ಬಾಗಿಲು ತೆರೆಯುತ್ತದೆ. ಹೇಗೆ ಅಂತ ತೋರಿಸುತ್ತೇನೆ.

ಒಬ್ಬ ಆಲೆಮನೆಯವರು ಪುಸ್ತಕದಲ್ಲಿ ಎರಡೇ ಲೆಕ್ಕ ಬರೆದಿಟ್ಟಿದ್ದಾರೆ ಅಂದುಕೊಳ್ಳಿ: ಈ ದಿನ ಎಷ್ಟು ಟನ್ ಕಬ್ಬು ಅರೆದರು, ಎಷ್ಟು ಕೆ.ಜಿ. ಬೆಲ್ಲ ಬಂತು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಬ್ಬು, ಉದ್ದಕ್ಕೆ ಬೆಲ್ಲ ಇಟ್ಟು ದಿನಕ್ಕೊಂದು ಚುಕ್ಕಿ ಹಾಕಿ. ಚುಕ್ಕಿಗಳು ಸುಮಾರಾಗಿ ಒಂದು ಗೆರೆಯ ಅಕ್ಕಪಕ್ಕ ಕೂರುತ್ತವೆ. ಟನ್ನಿಗೆ ಹತ್ತಿರ ಹತ್ತಿರ ಒಂದು ಕ್ವಿಂಟಾಲ್ ಬೆಲ್ಲ ಅನ್ನುವುದು ನಮ್ಮ ಕಡೆ ಬಾಯಿಲೆಕ್ಕ. ಆದರೆ ತಳಿ, ಕಬ್ಬಿನ ವಯಸ್ಸು, ನೀರು ಬಿಟ್ಟ ರೀತಿ ನೋಡಿಕೊಂಡು ಮೇಲೆ ಕೆಳಗೆ ಆಗುತ್ತದೆ. ಸ್ಕೇಲು ಇಟ್ಟು ಒಂದು ಗೆರೆ ಎಳೆಯಿರಿ. ಪ್ರತಿ ಚುಕ್ಕಿಯೂ ಗೆರೆಯಿಂದ ಎಷ್ಟು ದೂರವಿದೆ ಅಳೆಯಿರಿ. ಆ ದೂರಗಳನ್ನು ವರ್ಗ ಮಾಡಿ ಕೂಡಿ. ಈಗ ಸ್ಕೇಲನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೂಡಿ. ಮೊತ್ತ ಕಡಿಮೆಯಾಯಿತೇ? ಹಾಗಾದರೆ ಅದೇ ಕಡೆಗೆ ಇನ್ನೊಂಚೂರು. ಜಾಸ್ತಿಯಾಯಿತೇ? ಆ ಕಡೆಯಿಂದ ಈ ಕಡೆಗೆ. ಇನ್ನು ಕಡಿಮೆಯಾಗುವುದೇ ಇಲ್ಲ ಅನ್ನುವ ಜಾಗದಲ್ಲಿ ನಿಲ್ಲಿಸಿ. ನಾಳೆ ಹೊಸ ಲೋಡು ಬಂದರೆ ಆ ಗೆರೆ ನೋಡಿ ಬೆಲ್ಲ ಎಷ್ಟಾಗಬಹುದು ಅಂತ ಹೇಳಬಹುದು. ನೀವು ಈಗ ಮಾಡಿದ್ದೇ ಯಂತ್ರಕಲಿಕೆ. ಯಂತ್ರ ಇಲ್ಲಿ ಮಾಡುವ ಉಪಕಾರ ಇಷ್ಟೇ: ಸ್ಕೇಲನ್ನು ಬೇಸರವಿಲ್ಲದೆ ಲಕ್ಷ ಸಲ ತಿರುಗಿಸುತ್ತದೆ. ಆ ಗೆರೆಯಲ್ಲಿ ತಿದ್ದಬೇಕಾದ ಸಂಖ್ಯೆಗಳು ಎರಡೇ, ಇಳಿಜಾರು ಒಂದು, ಗೆರೆ ಶುರುವಾಗುವ ಎತ್ತರ ಇನ್ನೊಂದು. 2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷಾ ಯಂತ್ರದಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ. ಅಂತರ ದೊಡ್ಡದು ನಿಜ, ಅದಕ್ಕೆ ಬೇಕಾದ ಬುದ್ಧಿವಂತಿಕೆಯೂ ದೊಡ್ಡದು. ತಿದ್ದಿಕೊಳ್ಳುವ ಕ್ರಮ ಮಾತ್ರ ಇದೇ ಜಾತಿಯದು.

ಈಗ ಅಂಕಿಗೆ ಬರೋಣ. ಇಂಗ್ಲಿಷ್ ಅಂಕಿಗಳನ್ನು ಓದಿಸುವುದು ಈ ವಿದ್ಯೆ ಕಲಿಯುವ ಎಲ್ಲರ ಮೊದಲ ಪಾಠ. ಅದಕ್ಕೆ ಎಂನಿಸ್ಟ್ ಎಂಬ ಚಿತ್ರಗಳ ಸಂಗ್ರಹ ಇದೆ, 1990ರ ದಶಕದ್ದು. 60,000 ಚಿತ್ರ ಕಲಿಯಲು, 10,000 ಚಿತ್ರ ಪರೀಕ್ಷೆಗೆ. ಅದರ ಹಿಂದಿನ ಕಥೆ ಹೈಸ್ಕೂಲಿನಲ್ಲಿ ಹೇಳಲೇಬೇಕಾದದ್ದು. ಅಮೆರಿಕದ ಮಾನಕ ಸಂಸ್ಥೆಯವರು ಮೊದಲು ಎರಡು ಗುಂಪಿನಿಂದ ಕೈಬರಹ ಸಂಗ್ರಹಿಸಿದ್ದರು. ಒಂದು, ಜನಗಣತಿ ಇಲಾಖೆಯ ನೌಕರರದು. ಇನ್ನೊಂದು, ಹೈಸ್ಕೂಲ್ ಮಕ್ಕಳದು. ನೌಕರರ ಬರಹವನ್ನು ಕಲಿಯಲು ಇಟ್ಟರು, ಮಕ್ಕಳ ಬರಹವನ್ನು ಪರೀಕ್ಷೆಗೆ ಇಟ್ಟರು. ನೌಕರರದು ನೀಟಾದ ಬರಹ. ಮಕ್ಕಳದು ಹೇಗಿತ್ತು ಅಂತ ಇಲ್ಲಿ ಕೂತಿರುವ ಗುರುಗಳಿಗೆ ನಾನು ಹೇಳಬೇಕಾಗಿಲ್ಲ, ಐವತ್ತು ವರ್ಷದಿಂದ ತಿದ್ದುತ್ತಿರುವವರು ಅವರೇ. ನೌಕರರ ಬರಹ ನೋಡಿ ಕಲಿತದ್ದನ್ನು ಮಕ್ಕಳ ಬರಹದ ಮೇಲೆ ಪರೀಕ್ಷೆ ಮಾಡುವುದು ಸರಿಯಾದ ಅಳತೆ ಕೊಡದು ಅಂತ ಯಾನ್ ಲೆಕೂನ್ ಮತ್ತು ಅವರ ಜೊತೆಗಾರರು ಎರಡನ್ನೂ ಅರ್ಧರ್ಧ ಬೆರೆಸಿ ಹೊಸ ಸಂಗ್ರಹ ಮಾಡಿದರು. ಲೋಕದ ಯಂತ್ರಗಳೆಲ್ಲ ಓದಲು ಕಲಿತ ಪುಸ್ತಕದ ಅರ್ಧ ಭಾಗ ಹೈಸ್ಕೂಲ್ ಮಕ್ಕಳ ಕೈಬರಹ.

ಕನ್ನಡಕ್ಕೆ ಅಂಥದ್ದು ಬಂದದ್ದು 2019ರ ಆಗಸ್ಟ್‌ನಲ್ಲಿ. ವಿನಯ್ ಉದಯ್ ಪ್ರಭು ಎಂಬ ಸಂಶೋಧಕರು ‘ಕನ್ನಡ-ಎಂನಿಸ್ಟ್’ ಪ್ರಕಟಿಸಿದರು. ಬೆಂಗಳೂರಿನ 65 ಮಂದಿ, ಕನ್ನಡ ಬಲ್ಲವರು, ದೊಡ್ಡ ಎ3 ಹಾಳೆಯಲ್ಲಿ ಗೆರೆ ಹಾಕಿದ ಮನೆಗಳೊಳಗೆ ೦ಯಿಂದ ೯ರವರೆಗೆ ಬರೆದರು. ಹಾಳೆಗೆ 32 ಸಾಲು, 40 ಕಂಬ. ಅಂದರೆ ಒಬ್ಬೊಬ್ಬರು ಒಂದೊಂದು ಅಂಕಿಯನ್ನು 128 ಸಲ. ನಾವು ಇಂಪೊಸಿಷನ್ ಬರೆದ ಹಾಗೆಯೇ. ಅದನ್ನು ಸ್ಕ್ಯಾನ್ ಮಾಡಿ, ಒಂದೊಂದು ಅಂಕಿ ಕತ್ತರಿಸಿ, ಅದರಿಂದ 60,000 ಕಲಿಕೆಗೆ, 10,000 ಪರೀಕ್ಷೆಗೆ ಇಟ್ಟರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಅದೇ ವರ್ಷ ಕ್ಯಾಗಲ್ ಎಂಬ ತಾಣದಲ್ಲಿ ಇದರ ಮೇಲೆ ಸ್ಪರ್ಧೆಯೂ ನಡೆಯಿತು. ಕನ್ನಡ ಬಾರದ ಎಷ್ಟೋ ದೇಶದವರು ೦, ೧, ೨ ಕಲಿತರು. ಆ ಸುದ್ದಿ ಓದಿದಾಗ ನನಗಾದ ಖುಷಿಯನ್ನು ಇಲ್ಲಿ ಹೇಳದೆ ಇರಲಾರೆ.

ಒಂದೊಂದು ಚಿತ್ರವೂ 28 ಸಾಲು, 28 ಕಂಬದ ಪುಟ್ಟ ಚೌಕ. ಒಟ್ಟು 784 ಮನೆ. ಪ್ರತಿ ಮನೆಯಲ್ಲಿ 0ಯಿಂದ 255ರವರೆಗೆ ಒಂದು ಸಂಖ್ಯೆ, ಅಲ್ಲಿ ಶಾಯಿ ಎಷ್ಟಿದೆ ಅಂತ. ಕಂಪ್ಯೂಟರಿಗೆ ಕಾಣುವುದು ಅಷ್ಟೇ, 784 ಸಂಖ್ಯೆಗಳ ಸಾಲು. ಅದಕ್ಕೆ ಕನ್ನಡ ಗೊತ್ತಿಲ್ಲ, ಅಂಕಿ ಅಂದರೇನೂ ಗೊತ್ತಿಲ್ಲ. ಅತ್ಯಂತ ಸರಳ ವಿಧಾನದಲ್ಲಿ ನಾವು ಪ್ರತಿ ಅಂಕಿಗೂ 784 ತೂಕಗಳನ್ನು ಇಡುತ್ತೇವೆ. ಸೊನ್ನೆಯನ್ನೇ ತೆಗೆದುಕೊಳ್ಳಿ. ಸೊನ್ನೆಗೆ ನಡುವೆ ಖಾಲಿ ಇರಬೇಕು. ಹಾಗಾಗಿ ನಡುಮನೆಗಳಲ್ಲಿ ಶಾಯಿ ಕಂಡರೆ ಸೊನ್ನೆಯ ಅಂಕ ಕಳೆಯಬೇಕು. ಸುತ್ತಿನ ಮನೆಗಳಲ್ಲಿ ಕಂಡರೆ ಕೂಡಬೇಕು. ಶಾಯಿಯನ್ನು ತೂಕದಿಂದ ಗುಣಿಸಿ, ಕೂಡಿ, ಹತ್ತು ಅಂಕಿಗಳಿಗೂ ಹತ್ತು ಮೊತ್ತ ತೆಗೆದು, ಯಾವುದು ದೊಡ್ಡದೋ ಅದೇ ಉತ್ತರ. ಹತ್ತು ಸಲ 784, ಜೊತೆಗೆ ಹತ್ತು, ಒಟ್ಟು 7,850 ಸಂಖ್ಯೆ. ಮೊದಲು ಇವೆಲ್ಲ ಸೊನ್ನೆ. ಒಂದು ಚಿತ್ರ ತೋರಿಸುತ್ತೇವೆ, ಅದು ಏನೋ ಹೇಳುತ್ತದೆ, ತಪ್ಪಿದ್ದರೆ ಸರಿಯುತ್ತರದ ತೂಕಗಳನ್ನು ಶಾಯಿ ಇದ್ದ ಕಡೆ ಒಂದು ಚೂರು ಏರಿಸುತ್ತೇವೆ, ತಪ್ಪುತ್ತರದ್ದನ್ನು ಒಂದು ಚೂರು ಇಳಿಸುತ್ತೇವೆ. ಮತ್ತೊಂದು ಚಿತ್ರ. ಹೀಗೆ 60,000 ಚಿತ್ರ, ಬೇಕಾದರೆ ಮತ್ತೆ ಮೊದಲಿನಿಂದ. ಒಂದು ಚೂರು ಅಂದೆನಲ್ಲ, ಅದು ಮುಖ್ಯ. ಒಂದೇ ಸಲ ಜಾಸ್ತಿ ತಿದ್ದಿದರೆ ಒಲೆಗೆ ಒಟ್ಟಿಗೇ ಸಿಪ್ಪೆ ತುರುಕಿದ ಹಾಗೆ, ಪಾಕ ಉಕ್ಕುತ್ತದೆ. ತೀರ ಕಡಿಮೆ ತಿದ್ದಿದರೆ ಬೆಳಗಾದರೂ ಬೆಲ್ಲ ಆಗುವುದಿಲ್ಲ.

ಪೈಥಾನ್ ಎಂಬ ಭಾಷೆಯಲ್ಲಿ ಇದನ್ನು ಬರೆಯಲು ನೋಟ್‌ಬುಕ್ಕಿನ ಎರಡು ಪುಟ ಸಾಕು. ತೋಟದ ಬದುವಿನ ಮೇಲೆ ಕೂತು ನಾನು ಬರೆದದ್ದೂ ಅಷ್ಟೇ. ತೂಕಗಳನ್ನು ಮತ್ತೆ 28ಕ್ಕೆ 28ರ ಚೌಕದಲ್ಲಿ ಜೋಡಿಸಿ ಚಿತ್ರ ಮಾಡಿ ನೋಡಿದಾಗ, ಯಾರೂ ಹೇಳಿಕೊಡದ ಒಂದು ಮಸುಕಾದ ಸೊನ್ನೆ ಪರದೆಯ ಮೇಲೆ ಮೂಡಿತ್ತು. ಅದನ್ನು ಮಕ್ಕಳು ಒಂದು ಸಲ ತಮ್ಮ ಕಣ್ಣಿಂದಲೇ ನೋಡಬೇಕು.

ಕಲಿತಿದೆ ಅಂತ ತಿಳಿಯುವುದು ಹೇಗೆ? ನಮ್ಮ ಗಣಿತದ ಮೇಷ್ಟ್ರು ಪಾಠದಲ್ಲಿ ಮಾಡಿಸಿದ ಲೆಕ್ಕವನ್ನು ಪರೀಕ್ಷೆಗೆ ಯಾವತ್ತೂ ಕೊಡುತ್ತಿರಲಿಲ್ಲ. ಸಂಖ್ಯೆ ಬದಲಿಸುತ್ತಿದ್ದರು. ‘ಗೈಡ್ ಬಾಯಿಪಾಠ ಮಾಡ್ಕೊಂಡು ಬಂದವ್ರು ಯಾರು ಅಂತ ಐದು ನಿಮಿಷಕ್ಕೆ ಗೊತ್ತಾಗುತ್ತೆ’ ಅನ್ನುತ್ತಿದ್ದರು. ಯಂತ್ರಕ್ಕೂ ಬಾಯಿಪಾಠದ ಚಾಳಿ ಇದೆ. ತೋರಿಸಿದ ಚಿತ್ರಗಳನ್ನೇ ಕೇಳಿದರೆ ನೂರಕ್ಕೆ ನೂರು ಹೇಳಿಬಿಡಬಹುದು. ಅದಕ್ಕೇ ಆ 10,000 ಚಿತ್ರಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟ ಪ್ರಶ್ನೆಪತ್ರಿಕೆಯ ಹಾಗೆ ಬೇರೆ ಇಡುವುದು. ಕಲಿಯುವಾಗ ಅದನ್ನು ಒಂದು ಸಲವೂ ತೋರಿಸಬಾರದು. ಈ ಶಿಸ್ತು ಇಲ್ಲದೆ ಹೇಳುವ ಅಂಕಗಳಿಗೆ ಬೆಲೆ ಇಲ್ಲ, ಹೇಳುವವರು ಯಾವ ದೊಡ್ಡ ಕಂಪನಿಯವರಾದರೂ ಸರಿ.

ಆದರೆ ಪ್ರಭು ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ನನ್ನ ಪ್ರಕಾರ ಆ ಲೇಖನದ ಜೀವ ಇರುವುದು ಅಲ್ಲೇ. ಕನ್ನಡ ಬರವಣಿಗೆಯ ರೂಢಿ ಇಲ್ಲದ ಬೇರೆ ಎಂಟು ಮಂದಿಯಿಂದ, ಬೇರೆ ಅಳತೆಯ ಹಾಳೆಯಲ್ಲಿ ಬರೆಸಿ, 10,240 ಚಿತ್ರಗಳ ಇನ್ನೊಂದು ಪರೀಕ್ಷೆ ಮಾಡಿದರು. ಬೆಂಗಳೂರಿನ ಹಾಳೆಗಳಿಂದ ಕಲಿತ ಯಂತ್ರ ಅದೇ ಹಾಳೆಗಳಿಂದ ಬಂದ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 97 ಸರಿ ಹೇಳಿತು. ಹೊಸ ಕೈಗಳ ಪರೀಕ್ಷೆಯಲ್ಲಿ ಸುಮಾರು 76. ನೂರರಲ್ಲಿ ಮೂರು ತಪ್ಪುತ್ತಿದ್ದುದು ಇಪ್ಪತ್ತನಾಲ್ಕಕ್ಕೆ ಹೋಯಿತು. ಯಂತ್ರ ಅದೇ, ಅಂಕಿ ಅವೇ. ಬದಲಾದದ್ದು ಬರೆದ ಕೈ ಮತ್ತು ಬರೆದ ಹಾಳೆ.

ಹಿರಿಯರು ‘ಇದರಿಂದ ನಮಗೇನು’ ಅಂತ ಕೇಳಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಪಹಣಿ ನೆನಪಿಸಿಕೊಳ್ಳಿ. ‘ಭೂಮಿ’ ಯೋಜನೆ ಬಂದು ಕಂಪ್ಯೂಟರ್ ಪಹಣಿ ಶುರುವಾಗುವ ಮುಂಚೆ ಎಲ್ಲವೂ ಕೈಬರಹ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಕಂದಾಯ, ಬಹಳಷ್ಟು ಕಡೆ ಕನ್ನಡ ಅಂಕಿಯಲ್ಲೇ. 2024ರಲ್ಲಿ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಶುರು ಮಾಡಿತು. ಒಳ್ಳೆಯ ಕೆಲಸ. ಗೆದ್ದಲು, ಮಳೆನೀರು, ಕಾಣೆಯಾದ ಹಾಳೆ, ಇವುಗಳಿಂದ ಬಚಾವು. ಆದರೆ ಸ್ಕ್ಯಾನ್ ಆದದ್ದು ಚಿತ್ರ ಮಾತ್ರ. ಕೋಟಿಗಟ್ಟಲೆ ಚಿತ್ರಗಳನ್ನು ಮನುಷ್ಯರೇ ಕೂತು ಓದುವುದು ಆಗದ ಮಾತು. ಇವತ್ತಲ್ಲ ನಾಳೆ ಯಾರಾದರೂ ಅದನ್ನು ಯಂತ್ರದ ಕೈಲಿ ಓದಿಸಲು ಹೊರಡುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಆಗ ಆ ಯಂತ್ರ ಯಾರ ಕೈಬರಹ ನೋಡಿ ಕಲಿತಿರುತ್ತದೆ? ಬಾಲ್ ಪೆನ್ನಿನಲ್ಲಿ, ಬಿಳಿ ಹಾಳೆಯ ಮೇಲೆ, ಮನೆಯೊಳಗೆ ನೀಟಾಗಿ ಬರೆದವರದೋ, ಮಸಿಯಲ್ಲಿ ಅದ್ದಿ ಸರಸರ ಎಳೆದ ಶಾನುಭೋಗರದೋ?

ಕನ್ನಡ ಅಂಕಿಗಳ ಆಕಾರ ನೋಡಿ. ೧ ಬಾಯಿ ತೆರೆದ ಸೊನ್ನೆಯಂತೆ. ಅವಸರದಲ್ಲಿ ಬಾಯಿ ಮುಚ್ಚಿದರೆ ಸೊನ್ನೆಯೇ. ೩ ಮತ್ತು ೭ ಅಣ್ಣತಮ್ಮಂದಿರು. ೬ ಮತ್ತು ೯ಕ್ಕೆ ಬಾಲದ್ದೇ ವ್ಯತ್ಯಾಸ. ಸರ್ವೆ ನಂಬರ್ ೩೭ ಇದ್ದದ್ದು ೭೭ ಆದರೆ ನಿಮ್ಮ ಜಮೀನು ಪಕ್ಕದೂರಿನ ಬದುವಿನಲ್ಲಿ ಹೋಗಿ ಕೂರುತ್ತದೆ. ೧ ಎಕರೆ ೦ ಎಕರೆ ಆದರೆ ಹೇಳುವುದೇ ಬೇಡ. ಮನುಷ್ಯ ಗುಮಾಸ್ತನಿಗೆ ಅನುಮಾನ ಬಂದರೆ ಕನ್ನಡಕ ಸರಿ ಮಾಡಿಕೊಂಡು ‘ಇದು ಮೂರೋ ಏಳೋ’ ಅಂತ ಪಕ್ಕದವರನ್ನು ಕೇಳುತ್ತಾನೆ. ನಾನು ಮೇಲೆ ಹೇಳಿದ ಯಂತ್ರಕ್ಕೆ ಅನುಮಾನ ಪಡುವುದನ್ನು ನಾವು ಕಲಿಸಿಯೇ ಇಲ್ಲ. ಹತ್ತು ಮೊತ್ತದಲ್ಲಿ ದೊಡ್ಡದನ್ನು ಹೇಳು ಅಂತ ಮಾತ್ರ ಕಲಿಸಿದ್ದೇವೆ. ನಮ್ಮ ಚುಂಚನಗಿರಿಯ ನವಿಲಿನ ಫೋಟೊ ಅದೇ ಅಳತೆಗೆ ಕುಗ್ಗಿಸಿ ಕೊಟ್ಟರೂ ‘ಇದು ಅಂಕಿಯಲ್ಲ’ ಅನ್ನುವುದಿಲ್ಲ. ಆರೋ ಎಂಟೋ ಅಂತ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಕೆಲವು ಸಲ ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ ಅಂತಲೂ ಸೇರಿಸುತ್ತದೆ.

ಮಾತಿಗೂ ಇದೇ ಕಥೆ. ಫೋನಿಗೆ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುವ ಸೌಲಭ್ಯ ಎಲ್ಲರೂ ನೋಡಿದ್ದೀರಿ. ನಮ್ಮಮ್ಮ ‘ಅವ್ನು ಗದ್ದೆ ತಾವ್ಕೆ ಓಯ್ತಾವ್ನೆ’ ಅಂದರೆ ಅದು ಏನು ಬರೆಯುತ್ತದೆ ಅಂತ ಮನೆಯಲ್ಲಿ ಮಾಡಿ ನೋಡಿ, ನಗುವುದಕ್ಕೆ ಒಳ್ಳೆಯ ಸಾಮಾನು. ಸುದ್ದಿ ಓದುವವರ ಕನ್ನಡ ಕೇಳಿ ಕಲಿತದ್ದಕ್ಕೆ ನಾಗಮಂಗಲದ ಕನ್ನಡ ಅನ್ಯಭಾಷೆ. ಇದನ್ನು ಸರಿಪಡಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ‘ವಾಣಿ’ ಎಂಬ ಕೆಲಸ ನಡೆಸುತ್ತಿವೆ. ದೇಶದ ಜಿಲ್ಲೆ ಜಿಲ್ಲೆಯ ಜನರ ಮಾತು ಸಂಗ್ರಹಿಸುವುದು ಅದರ ಗುರಿ. ಬೆಂಗಳೂರಿನದೇ ‘ಕಾರ್ಯ’ ಎಂಬ ಸಂಸ್ಥೆ ರಾಜ್ಯದ ಹಳ್ಳಿಗಳಲ್ಲಿ ಹೆಂಗಸರಿಂದ ಫೋನಿನಲ್ಲಿ ಕನ್ನಡ ವಾಕ್ಯ ಓದಿಸಿ, ಅದಕ್ಕೆ ಕೂಲಿ ಕೊಡುವುದನ್ನು 2023ರಲ್ಲಿ ಟೈಮ್ ಪತ್ರಿಕೆ ಬರೆದಿತ್ತು. ನಮ್ಮ ದನಿ, ನಮ್ಮ ಕೈಬರಹ ಬೆಲೆಬಾಳುವ ವಸ್ತು ಅಂತ ಹೊರಗಿನವರಿಗೆ ಗೊತ್ತಾಗಿದೆ. ನಮಗೂ ಗೊತ್ತಿರಲಿ ಅಂತ ಹೇಳಿದೆ.

ದುಡ್ಡಿನ ಮಾತು ಬಂತಲ್ಲ, ತಂದೆತಾಯಿಗಳಿಗೆ ಒಂದು ವಿಷಯ. ನಮ್ಮ ಚಿಕ್ಕಪ್ಪನ ಮಗನಿಗೆ ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು, ಹೆಸರು ಬೇಡ, ಆರು ತಿಂಗಳ ಎಐ ಕೋರ್ಸಿಗೆ ಒಂದೂವರೆ ಲಕ್ಷ ಕೇಳಿದರು. ಕೆಲಸ ಖಾತ್ರಿ ಅಂದರು. ಚಿಕ್ಕಪ್ಪ ಚಿಕ್ಕಮ್ಮನ ಸರ ಅಡವಿಡಲು ಹೊರಟಿದ್ದರು. ನಾನು ಪಾಠಪಟ್ಟಿ ತರಿಸಿ ನೋಡಿದೆ. ಅದರಲ್ಲಿದ್ದ ಮುಕ್ಕಾಲು ಪಾಲು ಐಐಟಿ ಮೇಷ್ಟ್ರುಗಳು ಎನ್‌ಪಿಟಿಇಎಲ್‌ನಲ್ಲಿ ಬಿಟ್ಟಿಯಾಗಿ ಹೇಳಿಕೊಟ್ಟಿರುವಂಥದ್ದೇ. 2011ರಲ್ಲಿ ಆಂಡ್ರ್ಯೂ ಇಂಗ್ ಎಂಬ ಪ್ರಾಧ್ಯಾಪಕರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಈ ಪಾಠವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಾಗ ಒಂದು ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಕೋರ್ಸೇ ತಪ್ಪು ಅಂತ ನಾನು ಹೇಳುವುದಿಲ್ಲ, ಎದುರಿಗೆ ಕೂತು ಹೇಳಿಕೊಡುವವರಿದ್ದರೆ ಒಳ್ಳೆಯದೇ. ಆದರೆ ಸಾಲ ಮಾಡುವ ಮುಂಚೆ ಹುಡುಗ ಮನೆಯಲ್ಲೇ ಮೂರು ತಿಂಗಳು ಬಿಟ್ಟಿ ಪಾಠ ನೋಡಲಿ. ಅದರಲ್ಲಿ ಕೂರುವ ತಾಳ್ಮೆ ಇದ್ದರೆ ಆಮೇಲೆ ಯೋಚಿಸಿ. ಇಲ್ಲದಿದ್ದರೆ ಸರ ಕೊರಳಲ್ಲೇ ಇರಲಿ.

ಇಂಗ್ಲಿಷ್ ಬೇಡವೇ ಅಂದರೆ, ಬೇಕು. ಸುಳ್ಳು ಹೇಳಲಾರೆ. ಪೈಥಾನ್‌ನ ಪದಗಳು ಇಂಗ್ಲಿಷಿನವು, ತಪ್ಪಾದಾಗ ಅದು ಬೈಯುವುದೂ ಇಂಗ್ಲಿಷಿನಲ್ಲೇ. ಆದರೆ ಆ ಇಂಗ್ಲಿಷ್ ಮಾತಾಡುವ ಇಂಗ್ಲಿಷ್ ಅಲ್ಲ, ಐವತ್ತು ಅರವತ್ತು ಪದ ಗೊತ್ತಿದ್ದರೆ ಶುರು ಮಾಡಬಹುದು. ಗಣಿತ ಕನ್ನಡದಲ್ಲಿ ಚೆನ್ನಾಗಿ ತಿಳಿದಿದ್ದರೆ ಉಳಿದದ್ದು ಹಿಂದೆ ಬರುತ್ತದೆ. ಕಂಪ್ಯೂಟರ್ ಇಲ್ಲ ಅನ್ನುವವರಿಗೆ: ಗೂಗಲ್ ಕೊಲ್ಯಾಬ್ ಎಂಬುದರಲ್ಲಿ ಲೆಕ್ಕ ಮಾಡುವುದು ಎಲ್ಲೋ ದೂರದ ಯಂತ್ರ, ನಿಮ್ಮ ಕೈಯಲ್ಲಿ ಬರಿಯ ಬ್ರೌಸರ್ ಇದ್ದರೆ ಸಾಕು. ಫೋನಿನಲ್ಲೂ ಆಗುತ್ತದೆ. ಬೆರಳು ನೋಯುತ್ತದೆ, ಅಷ್ಟೇ. ಶಾಲೆಯ ಕಂಪ್ಯೂಟರ್ ಕೋಣೆ ಭಾನುವಾರ ತೆಗೆಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬರುತ್ತೇನೆ. ಬೆಂಗಳೂರು, ಮೈಸೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕಸುಬಿನವರು ಇನ್ನೂ ಇದ್ದೀರಿ. ಆಗಾಗ ಒಬ್ಬೊಬ್ಬರು ಬಂದರೆ ನನಗೆ ಕಾಯಿಲೆ ಬಿದ್ದರೂ ಪಾಠ ನಿಲ್ಲುವುದಿಲ್ಲ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಗ್ರಾಫ್ ಹಾಳೆ, ಸ್ಕೇಲು ತನ್ನಿ. ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟುವುದಿಲ್ಲ.

ಕೊನೆಗೆ ಒಂದು ಕೆಲಸ ಎಲ್ಲರಿಗೂ ಇದೆ. ಆಫೀಸ್ ರೂಮಿನ ಮುಂದಿನ ಮೇಜಿನ ಮೇಲೆ ಮನೆ ಹಾಕಿದ ಹಾಳೆಗಳನ್ನು ಇಟ್ಟಿದ್ದೇನೆ. ಹಾಳೆಗೆ ಹತ್ತು ಸಾಲು, ಸಾಲಿಗೆ ಹತ್ತು ಮನೆ. ೦ಯಿಂದ ೯ರವರೆಗೆ ಒಂದೊಂದು ಸಾಲಿಗೆ ಒಂದೊಂದು ಅಂಕಿ ಬರೆಯಿರಿ. ಹೆಸರು, ಫೋನ್ ನಂಬರ್ ಯಾವುದೂ ಬರೆಯಬೇಡಿ. ವಯಸ್ಸು ಮತ್ತು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ ಅಷ್ಟು ಸಾಕು. ನೀಟಾಗಿ ಬರೆಯಲು ಹೋಗಬೇಡಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಹೇಗೆ ಬರೆಯುತ್ತೀರೋ ಹಾಗೆ. ಕೈ ನಡುಗುವ ಅಜ್ಜಂದಿರು, ಕನ್ನಡ ಅಂಕಿ ಮರೆತಿರುವ ನನ್ನ ವಯಸ್ಸಿನವರು, ಹಾಲಿನ ಡೈರಿಯಲ್ಲಿ ದಿನಾ ಲೆಕ್ಕ ಬರೆಯುವ ಅಕ್ಕಂದಿರು, ಎಲ್ಲರದೂ ಬೇಕು. ನೂರು ಹಾಳೆ ತುಂಬಿದರೆ ಹತ್ತು ಸಾವಿರ ಅಂಕಿ, ಅಂದರೆ ಆ ಪರೀಕ್ಷೆಯ ಬೀರುವಿನಲ್ಲಿದ್ದಷ್ಟೇ. ಬೆಂಗಳೂರಿನ 65 ಮಂದಿಯಿಂದ ಕಲಿತ ಯಂತ್ರಕ್ಕೆ ನಮ್ಮೂರಿನ ಪ್ರಶ್ನೆಪತ್ರಿಕೆ ಕೊಟ್ಟು, ಎಷ್ಟು ಅಂಕ ತೆಗೆಯಿತು ಅಂತ ಮಕ್ಕಳೇ ಲೆಕ್ಕ ಹಾಕಿ ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಯಾವ ಅಂಕಿಯಲ್ಲಿ ಎಷ್ಟು ತಪ್ಪಿತು ಅಂತಲೂ.

ಪೆನ್ನುಗಳನ್ನು ನಾನೇ ತಂದಿದ್ದೇನೆ, ಎರಡು ಡಬ್ಬ. ಊಟಕ್ಕೆ ಇನ್ನೂ ಅರ್ಧ ಗಂಟೆ ಆಗುತ್ತದಂತೆ, ಸಾಲಿನಲ್ಲಿ ನಿಲ್ಲುವ ಮುಂಚೆ ಬರೆದುಬಿಡಿ. ಸಾಂಬಾರ್ ಬಿದ್ದ ಹಾಳೆಯನ್ನು ಓದುವ ಯಂತ್ರ ನನ್ನ ಹತ್ತಿರ ಇಲ್ಲ.